ಬಾವಿಯ ನೀರು ಕೆಟ್ಟಾಗ: ಪರಿಹಾರ ಕೇಳುವ ಹಕ್ಕು ಮತ್ತು ಹಾದಿ

ಊರಿನ ಬಾವಿಯ ನೀರು ಒಂದು ದಿನ ಬಣ್ಣ ತಿರುಗುತ್ತದೆ. ಅದನ್ನು ಮೊದಲು ಗಮನಿಸುವವರು ಮನೆಯ ಹೆಣ್ಣುಮಕ್ಕಳು. ಅನ್ನಕ್ಕೆ ಬಣ್ಣ ಬಂದಿದೆ, ಬಿಂದಿಗೆಯ ಒಳಗೆ ಎಂದೂ ಕಾಣದ ಕಲೆ ಕಟ್ಟಿದೆ, ದನ ಬಾನಿಗೆ ಬಾಯಿ ಹಾಕಿ ಹಿಂದೆ ಸರಿಯುತ್ತದೆ ಎಂದು ಅವರು ಹೇಳುತ್ತಾರೆ. ಹಿರಿಯರು ಬಟ್ಟೆಯಲ್ಲಿ ಸೋಸಿ ಕಾಯಿಸಿ ಕುಡಿಯಿರಿ ಎನ್ನುತ್ತಾರೆ. ಕಾಯಿಸಿದರೆ ಕಾಲರಾದ ಕ್ರಿಮಿ ಸಾಯುತ್ತದೆ, ನಿಜ. ಆದರೆ ಕ್ರೋಮಿಯಂ, ನೈಟ್ರೇಟುಗಳಂಥವು ಕಾಯಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ.

ಇಂಥ ಊರಿನ ಜನ ಪಂಚಾಯಿತಿಗೆ ಹೋಗುತ್ತಾರೆ, ತಹಸೀಲ್ದಾರರಿಗೆ ಅರ್ಜಿ ಕೊಡುತ್ತಾರೆ, ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುತ್ತಾರೆ. ಟ್ಯಾಂಕರ್ ನೀರು ಕೆಲವು ದಿನ ಬಂದು ನಿಲ್ಲುತ್ತದೆ. ನ್ಯಾಯಾಲಯದ ಯೋಚನೆ ಬರುವುದು ಎಲ್ಲಕ್ಕಿಂತ ಕಡೆಗೆ. ಅಷ್ಟು ಹೊತ್ತಿಗೆ ಸಾಕ್ಷ್ಯವೆಲ್ಲ ನೀರಿನೊಡನೆಯೇ ಹರಿದುಹೋಗಿರುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಯಂತಾಗುತ್ತದೆ ಅವರ ಸ್ಥಿತಿ.

ಕೆಟ್ಟ ನೀರು ಕುಡಿದವರು ಪರಿಹಾರ ಕೇಳಬಹುದೇ? ಯಾರಿಂದ ಕೇಳಬೇಕು? ಎಲ್ಲಿ ಕೇಳಬೇಕು? ಏನನ್ನು ರುಜುವಾತು ಮಾಡಬೇಕು? ಎಷ್ಟು ಕಾಲದೊಳಗೆ ಕೇಳಬೇಕು? ಈ ಐದು ಪ್ರಶ್ನೆಗಳನ್ನು ಈ ಹೊತ್ತು ನಿಮ್ಮೊಡನೆ ಕುಳಿತು ಬಿಡಿಸೋಣ ಎಂದುಕೊಂಡಿದ್ದೇನೆ. ಕಾನೂನನ್ನು ಬರಿಯ ಕಲಮುಗಳಾಗಿ ಹೇಳಿದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಿಜವಾಗಿ ನಡೆದ ಕೆಲವು ಮೊಕದ್ದಮೆಗಳಿಂದಲೇ ಆರಂಭಿಸುತ್ತೇನೆ.

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಬಿಛ್ರಿ ಎಂಬ ಹಳ್ಳಿಯಿದೆ. 1987ರ ಸುಮಾರಿಗೆ ಅದರ ಪಕ್ಕದಲ್ಲಿ ರಾಸಾಯನಿಕ ಕಾರ್ಖಾನೆಗಳು ತಲೆಯೆತ್ತಿದವು. ಒಂದೇ ಆವರಣದಲ್ಲಿದ್ದ ಸಿಲ್ವರ್ ಕೆಮಿಕಲ್ಸ್ ಎಂಬ ಘಟಕ ಎಚ್ ಆಮ್ಲ ತಯಾರಿಸತೊಡಗಿತು. ಬಟ್ಟೆಗೆ ಹಾಕುವ ಬಣ್ಣಗಳ ತಯಾರಿಕೆಯಲ್ಲಿ ಬಳಸುವ ವಸ್ತು ಇದು. ಹೊರದೇಶಗಳಿಗೆ ಕಳಿಸುವುದಕ್ಕಾಗಿಯೇ ತಯಾರಾಗುತ್ತಿತ್ತು. ಸುಮಾರು 375 ಟನ್ ಎಚ್ ಆಮ್ಲ ತಯಾರಾಗುವಷ್ಟರಲ್ಲಿ ಸುಮಾರು 2,440 ಟನ್ ವಿಷದ ಗಸಿ ಹಿಂದೆ ಉಳಿಯಿತು. ಅಂದರೆ ಒಂದು ಟನ್ ಸರಕಿಗೆ ಆರು ಟನ್ನಿಗೂ ಮೀರಿದ ಗಸಿ. ಸರಕು ಹಡಗು ಹತ್ತಿತು, ಗಸಿ ಹಳ್ಳಿಯಲ್ಲೇ ಉಳಿಯಿತು.

ಆ ಗಸಿಯನ್ನು ಬಯಲಿನಲ್ಲಿ ಸುರಿದಿದ್ದರು. ಮಳೆ ಬಂದಾಗ ಅದು ಕರಗಿ ಭೂಮಿಗಿಳಿಯಿತು, ಅಂತರ್ಜಲ ಸೇರಿತು. ಸುತ್ತಲಿನ ಬಾವಿಗಳ ನೀರು ಕಪ್ಪಾಯಿತು. ಅದು ಕುಡಿಯುವುದಕ್ಕೂ ಆಗದಾಯಿತು, ದನಕರುಗಳಿಗೂ ಆಗದಾಯಿತು, ಬೆಳೆಗೂ ಆಗದಾಯಿತು. ಹಳ್ಳಿಯ ಜನ ಸಿಡಿದೆದ್ದರು. ಆಡಳಿತ 144ನೇ ಕಲಮಿನನ್ವಯ ನಿಷೇಧಾಜ್ಞೆ ಹಾಕಬೇಕಾಯಿತು. 1989ರ ಜನವರಿಯ ಹೊತ್ತಿಗೆ ಆ ಘಟಕ ಮುಚ್ಚಿತು. ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ನೀರು ತಿಳಿಯಾಗಲಿಲ್ಲ. ಗಸಿಯನ್ನೆಲ್ಲ ಹೂಳಿ ಭದ್ರಪಡಿಸಿ ಎಂದು ಆದೇಶವಾದಾಗಲೂ ಭದ್ರವಾಗಿ ಹೂತದ್ದು ಸುಮಾರು 720 ಟನ್ ಮಾತ್ರ. ಉಳಿದದ್ದನ್ನು ಅಲ್ಲಲ್ಲೇ ಹರಡಿ ಮೇಲೆ ಮಣ್ಣು ಮುಚ್ಚಿದ್ದರು ಎಂಬುದು ಪರಿಣತರ ತಪಾಸಣೆಯಿಂದ ಹೊರಬಿತ್ತು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, ಅಲ್ಲಿ 350 ಹೆಕ್ಟೇರ್ ನೆಲ ಕೆಟ್ಟಿರುವುದನ್ನು ಗುರುತಿಸಿತು.

ಇಂಡಿಯನ್ ಕೌನ್ಸಿಲ್ ಫಾರ್ ಎನ್ವಿರೋ ಲೀಗಲ್ ಆಕ್ಷನ್ ಎಂಬ ಸಂಸ್ಥೆ 1989ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1996ರ ಫೆಬ್ರವರಿ 13ರಂದು ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಮತ್ತು ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ತೀರ್ಪು ಕೊಟ್ಟರು. ಮಲಿನಗೊಳಿಸಿದವನೇ ಶುದ್ಧಗೊಳಿಸುವ ವೆಚ್ಚವನ್ನು ಭರಿಸಬೇಕು ಎಂಬುದು ಆ ತೀರ್ಪಿನ ಸಾರ. 1997ರ ನವೆಂಬರ್ 4ರಂದು ಆ ವೆಚ್ಚ 37.385 ಕೋಟಿ ರೂಪಾಯಿ ಎಂದು ಗೊತ್ತುಮಾಡಲಾಯಿತು.

ಗೆದ್ದೆವು ಎಂದು ಹಳ್ಳಿಯವರು ಅಂದುಕೊಂಡಿರಬೇಕು. ಆದರೆ ಕಂಪನಿಗಳ ಕಡೆಯಿಂದ ಅರ್ಜಿಯ ಮೇಲೆ ಅರ್ಜಿ ಬಂತು. ಕೊನೆಗೆ 2011ರ ಜುಲೈ 18ರಂದು ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಮತ್ತು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಎಚ್.ಎಲ್. ದತ್ತು ಅವರ ಪೀಠ, ಕಾಲಹರಣ ಮಾಡಿದ್ದರಿಂದ ಯಾರಿಗೂ ಲಾಭವಾಗಕೂಡದು ಎಂದು ನಿರ್ಣಯಿಸಿ, 1997ರಿಂದ ಶೇಕಡ 12ರಂತೆ ಚಕ್ರಬಡ್ಡಿ ಸೇರಿಸಿ ಕೊಡಬೇಕೆಂದು ಆಜ್ಞಾಪಿಸಿತು. ಮೇಲೆ 10 ಲಕ್ಷ ರೂಪಾಯಿ ಖರ್ಚು. ಲೆಕ್ಕ ಹಾಕಿ ನೋಡಿ, ಮೂಲ ಮೊತ್ತದ ನಾಲ್ಕು ಪಟ್ಟಿಗೂ ಮೀರುತ್ತದೆ. ತಡಮಾಡುವುದೇ ಲಾಭ ಎಂದು ಎಣಿಸುವವರಿಗೆ ಇದೊಂದು ಎಚ್ಚರಿಕೆ.

ಈಗ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಿ. 37 ಕೋಟಿ ಚಿಲ್ಲರೆ ಎಂದೆನಲ್ಲ, ಅದು ನೆಲ ಜಲಗಳನ್ನು ಸರಿಪಡಿಸುವ ಹಣ. ಕೆಟ್ಟ ನೀರು ಕುಡಿದು ನರಳಿದವರಿಗೆ, ಬೆಳೆ ಕಳೆದುಕೊಂಡವರಿಗೆ ಏನು? 1996ರ ತೀರ್ಪಿನಲ್ಲಿ ಅದಕ್ಕೂ ಉತ್ತರವಿದೆ. ಹಳ್ಳಿಗರಾಗಲಿ ಅವರ ಪರವಾಗಿ ಯಾವುದಾದರೂ ಸಂಸ್ಥೆಯಾಗಲಿ ತಕ್ಕ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ನ್ಯಾಯಾಲಯ ಶುಲ್ಕ ಕಟ್ಟಲಾರದ ಬಡವರೆಂದು ಅರ್ಜಿ ಹಾಕಿದರೆ ರಾಜ್ಯ ಸರಕಾರ ಅದನ್ನು ವಿರೋಧಿಸಬಾರದು ಎಂದು ಹೇಳಲಾಯಿತು. ಅಂದರೆ ಊರಿನ ಪರವಾಗಿ ಗೆದ್ದ ಮೊಕದ್ದಮೆ ತಾನೇ ತಾನಾಗಿ ಮನೆಮನೆಯ ಪರಿಹಾರವಾಗುವುದಿಲ್ಲ. ನೆಲ ಶುದ್ಧಿ ಮಾಡಿಸುವುದು ಒಂದು ಕೋರಿಕೆ, ನಮ್ಮ ನಷ್ಟ ತುಂಬಿಸಿಕೊಳ್ಳುವುದು ಇನ್ನೊಂದು ಕೋರಿಕೆ. ಎರಡನ್ನೂ ಬಾಯಿಬಿಟ್ಟು ಕೇಳಬೇಕು.

ಎರಡನೆಯ ಊರು ನಮಗೆ ಹತ್ತಿರದ್ದು. ಪಾಲಾರ್ ನದಿ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಕೋಲಾರ ಜಿಲ್ಲೆಯನ್ನು ಹಾದು, ಆಂಧ್ರದ ಅಂಚು ದಾಟಿ ತಮಿಳುನಾಡಿಗೆ ಹೋಗುತ್ತದೆ. ಅಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಯ ಕಡೆ ನೂರಾರು ಚರ್ಮ ಹದಮಾಡುವ ಕಾರ್ಖಾನೆಗಳು. ಹಿಂದೆ ಮರದ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದ ಕಡೆ ಕ್ರೋಮಿಯಂ ಬಳಕೆಗೆ ಬಂತು. ಒಂದು ಕಿಲೋ ಚರ್ಮ ಸಿದ್ಧವಾಗಲು ಸುಮಾರು 35 ಲೀಟರ್ ನೀರು ಬೇಕು ಎಂದು ನ್ಯಾಯಾಲಯದ ದಾಖಲೆ ಹೇಳುತ್ತದೆ. ಆ ನೀರು ಹೊಲಕ್ಕೆ, ರಸ್ತೆ ಬದಿಗೆ, ನದಿಗೆ ಹೋಯಿತು. ಸುಮಾರು 35,000 ಹೆಕ್ಟೇರ್ ಬೇಸಾಯದ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಸಾಗುವಳಿಗೆ ಬಾರದಾಯಿತು. 13 ಗ್ರಾಮಗಳಲ್ಲಿ ನಡೆದ ಒಂದು ಸಮೀಕ್ಷೆಯಂತೆ 467 ಬಾವಿಗಳಲ್ಲಿ 350 ಕೆಟ್ಟಿದ್ದವು. ಅಲ್ಲಿನ ಹೆಂಗಸರು ನೀರಿಗಾಗಿ ಮೈಲುಗಟ್ಟಲೆ ನಡೆಯಬೇಕಾಯಿತು.

ವೆಲ್ಲೂರು ನಾಗರಿಕರ ಕ್ಷೇಮಾಭಿವೃದ್ಧಿ ವೇದಿಕೆ 1991ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿ ಹಾಕಿತು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠ ತೀರ್ಪು ನೀಡಿತು. ಒಂದೊಂದು ಕಾರ್ಖಾನೆಗೂ 10,000 ರೂಪಾಯಿ ದಂಡ ಬಿತ್ತು. ದಂಡಕ್ಕಿಂತ ಮುಖ್ಯವಾದದ್ದು ಇನ್ನೊಂದು ಆದೇಶ. ನಿವೃತ್ತ ಉಚ್ಚ ನ್ಯಾಯಾಲಯ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ರಚಿಸಬೇಕು. ಅದು ಪರಿಹಾರವನ್ನು ಎರಡು ಬಾಬುಗಳಲ್ಲಿ ಲೆಕ್ಕ ಹಾಕಬೇಕು. ಮೊದಲನೆಯದು ಪರಿಸರವನ್ನು ಮೊದಲಿನಂತೆ ಮಾಡಲು, ಎರಡನೆಯದು ನಷ್ಟವಾದ ವ್ಯಕ್ತಿಗಳಿಗೆ ಕೊಡಲು. ಬಿಛ್ರಿಯಲ್ಲಿ ಪ್ರತ್ಯೇಕ ದಾವೆಗೆ ಬಿಟ್ಟ ಕೆಲಸವನ್ನು ಇಲ್ಲಿ ಪ್ರಾಧಿಕಾರವೇ ಮಾಡುವಂತಾಯಿತು.

ಪ್ರಾಧಿಕಾರ ಕೆಲಸ ಮಾಡಿತು. 2001ರಲ್ಲಿ ಮತ್ತು 2009ರಲ್ಲಿ ಪರಿಹಾರದ ಐತೀರ್ಪುಗಳು ಹೊರಬಂದವು. ಆದರೂ ಹಣ ಎಲ್ಲರ ಕೈ ಸೇರಲಿಲ್ಲ. ಮಾಲಿನ್ಯವೂ ನಿಲ್ಲಲಿಲ್ಲ. 2025ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯ ಮತ್ತೆ ಕೈಹಾಕಬೇಕಾಯಿತು. ಯಾರಿಗೆ ಪರಿಹಾರ ಸಂದಿಲ್ಲವೋ ಅವರಿಗೆ ಆರು ವಾರದೊಳಗೆ ಸರಕಾರ ಹಣ ಕೊಡಬೇಕು, ಕೊಟ್ಟು ಆಮೇಲೆ ಮಾಲಿನ್ಯ ಮಾಡಿದವರಿಂದ ವಸೂಲು ಮಾಡಿಕೊಳ್ಳಬೇಕು ಎಂದಿತು. ಮೊದಲು ಕೊಡು, ಆಮೇಲೆ ವಸೂಲು ಮಾಡು ಎಂಬ ಈ ಸೂತ್ರ ಸಂತ್ರಸ್ತರಿಗೆ ಬಹಳ ಮುಖ್ಯ. ಆದರೆ 1991ಕ್ಕೂ 2025ಕ್ಕೂ ನಡುವೆ 34 ವರ್ಷ. ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗು ಈಗ ಮಕ್ಕಳೊಂದಿಗ.

ಈ ಎರಡು ಮೊಕದ್ದಮೆಗಳ ಹಿಂದೆ ನಿಂತ ತತ್ತ್ವ ಯಾವುದು ಎಂದು ಈಗ ನೋಡೋಣ. ಇಂಗ್ಲೆಂಡಿನಲ್ಲಿ 1868ರಲ್ಲಿ ತೀರ್ಮಾನವಾದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯೂ ನೀರಿನದೇ. ಗಿರಣಿ ಮಾಲೀಕನೊಬ್ಬನು ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಅಪಾಯದ ವಸ್ತುವನ್ನು ತಂದಿಟ್ಟವನು ಅದು ತಪ್ಪಿಸಿಕೊಂಡರೆ ಹೊಣೆಗಾರ ಎಂದು ಅಲ್ಲಿ ತೀರ್ಮಾನವಾಯಿತು. ಆದರೆ ದೈವಘಟನೆ, ಮೂರನೆಯವರ ಕೈವಾಡ ಎಂಬಂಥ ಕೆಲವು ವಿನಾಯಿತಿಗಳಿದ್ದವು. 1985ರ ಡಿಸೆಂಬರಿನಲ್ಲಿ ದಿಲ್ಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಮೊಕದ್ದಮೆಯಲ್ಲಿ 1986ರ ಡಿಸೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಆ ವಿನಾಯಿತಿಗಳನ್ನೆಲ್ಲ ತೆಗೆದುಹಾಕಿತು. ಅಪಾಯಕರ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಆದ ಹಾನಿಗೆ ಪೂರ್ಣ ಹೊಣೆಗಾರ. ಬಿಛ್ರಿಯ ತೀರ್ಪು ಇದೇ ನೆಲೆಯ ಮೇಲೆ ನಿಂತಿದೆ. 1991ರಲ್ಲಿ ಸುಭಾಷ್ ಕುಮಾರ್ ಮತ್ತು ಬಿಹಾರ ರಾಜ್ಯದ ಮೊಕದ್ದಮೆಯಲ್ಲಿ, ಮಾಲಿನ್ಯವಿಲ್ಲದ ನೀರು ಮತ್ತು ಗಾಳಿಯನ್ನು ಪಡೆಯುವುದು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು.

ಹಾಗಾದರೆ ನಮ್ಮ ಕೆಲಸ ಸುಲಭವಾಯಿತೇ? ಇಲ್ಲ. ಇಲ್ಲೇ ಬಹಳ ಜನ ಎಡವುತ್ತಾರೆ. ಪೂರ್ಣ ಹೊಣೆ ಎಂದರೆ ಕಾರ್ಖಾನೆಯವನು ಅಜಾಗರೂಕನಾಗಿದ್ದ ಎಂದು ತೋರಿಸುವ ಭಾರ ನಮ್ಮ ಮೇಲಿಲ್ಲ ಎಂದಷ್ಟೇ ಅರ್ಥ. ಅವನ ವಿಷದಿಂದಲೇ ನಮಗೆ ಹಾನಿಯಾಯಿತು ಎಂದು ತೋರಿಸುವ ಭಾರ ನಮ್ಮ ಮೇಲೇ ಉಳಿಯುತ್ತದೆ. ಅದನ್ನು ನಾಲ್ಕು ಕೊಂಡಿಗಳ ಸರಪಳಿ ಎಂದು ಇಟ್ಟುಕೊಳ್ಳಿ. ನಮ್ಮ ನೀರಿನಲ್ಲಿ ಇಂಥ ವಿಷ ಇತ್ತು ಎಂಬುದು ಮೊದಲ ಕೊಂಡಿ. ಅದು ಇಂಥ ಕಡೆಯಿಂದ ಬಂತು ಎಂಬುದು ಎರಡನೆಯದು. ಆ ನೀರನ್ನು ನಾವು ಇಷ್ಟು ಕಾಲ ಬಳಸಿದೆವು ಎಂಬುದು ಮೂರನೆಯದು. ನಮಗಾದ ಕಾಯಿಲೆ ಅಥವಾ ನಷ್ಟ ಆ ವಿಷದಿಂದ ಆಗುವಂಥದು ಎಂಬುದು ನಾಲ್ಕನೆಯದು. ಒಂದು ಕೊಂಡಿ ಕಳಚಿದರೂ ಎದುರು ಪಕ್ಷದ ವಕೀಲರು ಅಲ್ಲಿಗೇ ಕೈಹಾಕುತ್ತಾರೆ. ಬೆಳೆ, ದನಕರು, ಟ್ಯಾಂಕರ್ ಖರ್ಚು ಇವುಗಳ ನಷ್ಟ ತೋರಿಸುವುದು ಸುಲಭ. ವರ್ಷಗಳ ಮೇಲೆ ತಲೆದೋರುವ ಕಾಯಿಲೆಯ ವಿಷಯ ಬಲು ಕಷ್ಟ.

ಈ ಕಷ್ಟ ಎಷ್ಟು ದೊಡ್ಡದು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಹೇಳುತ್ತೇನೆ. ನಾರ್ತ್ ಕೆರೊಲೈನಾ ರಾಜ್ಯದಲ್ಲಿ ಕ್ಯಾಂಪ್ ಲೆಜೂನ್ ಎಂಬ ಸೈನಿಕ ನೆಲೆಯಿದೆ. ಅಲ್ಲಿನ ಎರಡು ನೀರು ಸರಬರಾಜು ಘಟಕಗಳ ಬಾವಿಗಳಿಗೆ ದಶಕಗಳ ಕಾಲ ವಿಷ ಸೇರಿತ್ತು. ಒಂದು ಕಡೆ ನೆಲೆಯ ಹೊರಗಿದ್ದ ಬಟ್ಟೆ ಒಗೆಯುವ ಅಂಗಡಿಯ ದ್ರಾವಣ, ಇನ್ನೊಂದು ಕಡೆ ನೆಲದಡಿಯ ತೊಟ್ಟಿಗಳಿಂದ ಸೋರಿದ ಇಂಧನ ಮತ್ತು ಯಂತ್ರ ತೊಳೆಯುವ ರಾಸಾಯನಿಕ. ಹೆಚ್ಚು ಕೆಟ್ಟ ಬಾವಿಗಳನ್ನು ಮುಚ್ಚಿದ್ದು 1984 ಮತ್ತು 1985ರಲ್ಲಿ. ಅಷ್ಟರಲ್ಲಿ ಸೈನಿಕರು, ಅವರ ಹೆಂಡತಿ ಮಕ್ಕಳು, ನೌಕರರು ಎಲ್ಲ ಸೇರಿ ಹತ್ತು ಲಕ್ಷದವರೆಗೂ ಜನ ಆ ನೀರನ್ನು ಬಳಸಿರಬಹುದೆಂಬ ಅಂದಾಜಿದೆ.

ಅವರು ನ್ಯಾಯಾಲಯಕ್ಕೆ ಹೋದಾಗ ಅಡ್ಡ ಬಂದದ್ದು ಕಾಲಮಿತಿ. ಆ ರಾಜ್ಯದ ಕಾನೂನಿನಂತೆ ಕೊನೆಯ ತಪ್ಪು ನಡೆದು ಹತ್ತು ವರ್ಷವಾದರೆ ದಾವೆಗೆ ಅವಕಾಶವಿಲ್ಲ. ಕ್ಯಾನ್ಸರಿನಂಥ ಕಾಯಿಲೆ ಕಾಣಿಸಿಕೊಳ್ಳುವುದಕ್ಕೇ ಹತ್ತಾರು ವರ್ಷ ಬೇಕು. ಕಾಯಿಲೆ ಬರುವ ಮೊದಲೇ ಹಕ್ಕು ಸತ್ತುಹೋದಂತಾಯಿತು. ಮೊಕದ್ದಮೆಗಳು ಬಿದ್ದುಹೋದವು, 2019ರಲ್ಲಿ ನೌಕಾಪಡೆ ಸಾವಿರಾರು ಕೋರಿಕೆಗಳನ್ನು ತಿರಸ್ಕರಿಸಿತು. ಆಗ ಅವರು ಶಾಸನಸಭೆಯ ಬಾಗಿಲು ತಟ್ಟಿದರು. 2022ರ ಆಗಸ್ಟ್ 10ರಂದು ಹೊಸ ಕಾಯಿದೆ ಬಂತು. 1953ರ ಆಗಸ್ಟ್ 1ರಿಂದ 1987ರ ಡಿಸೆಂಬರ್ 31ರ ನಡುವೆ ಕನಿಷ್ಠ 30 ದಿನ ಅಲ್ಲಿ ಇದ್ದವರು ಕೋರಿಕೆ ಸಲ್ಲಿಸಬಹುದು. ನೀರಿನಿಂದಲೇ ಕಾಯಿಲೆ ಬಂತು ಎಂಬುದಕ್ಕೆ ಖಚಿತ ಪುರಾವೆ ಬೇಕಿಲ್ಲ. ಹಾಗಾಗಿರುವ ಸಂಭವ ಆಗಿಲ್ಲದಿರುವ ಸಂಭವಕ್ಕೆ ಸಮನಾಗಿದ್ದರೂ ಸಾಕು ಎಂದು ರುಜುವಾತಿನ ಅಳತೆಯನ್ನೇ ಕಾಯಿದೆ ಸಡಿಲಿಸಿತು. ಎರಡು ವರ್ಷದ ಗಡುವು 2024ರ ಆಗಸ್ಟಿಗೆ ಮುಗಿಯುವಷ್ಟರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಕೋರಿಕೆಗಳು ಬಂದಿದ್ದವು.

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಕಾಲಮಿತಿ ಎಂಬುದು ವಿಷದಷ್ಟೇ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಮತ್ತೆ, 30 ದಿನ ಅಲ್ಲಿದ್ದೆ ಎಂಬುದಕ್ಕೆ ಅವರಿಗೆ ಸೈನ್ಯದ ಕಡತಗಳಾದರೂ ಇದ್ದವು. ನಮ್ಮ ಹಳ್ಳಿಯವರಿಗೆ ಯಾವ ಕಡತವಿದೆ? ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲೆಯ ದಾಖಲಾತಿ. ಇವೇ ನಮ್ಮ ಮೂರನೆಯ ಕೊಂಡಿ.

ಈಗ ನಮ್ಮ ದೇಶದಲ್ಲಿ ಇಂದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ಕಾರ್ಖಾನೆಯ ಮಾಲಿನ್ಯದಿಂದ ನೀರು ಕೆಟ್ಟಿದ್ದರೆ ಮುಖ್ಯ ಹಾದಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ. 2010ರ ಕಾಯಿದೆಯಂತೆ ಸ್ಥಾಪನೆಯಾದ ಇದರ ದಕ್ಷಿಣ ಪೀಠ ಚೆನ್ನೈಯಲ್ಲಿದೆ; ಕರ್ನಾಟಕ ಅದರ ವ್ಯಾಪ್ತಿಗೆ ಬರುತ್ತದೆ. ಕಾಯಿದೆಯ 15ನೇ ಕಲಮಿನಂತೆ ಮಾಲಿನ್ಯದಿಂದ ತೊಂದರೆಗೊಳಗಾದವರು ಪರಿಹಾರ ಕೇಳಬಹುದು. ಸಾವು, ಅಂಗವಿಕಲತೆ, ವೈದ್ಯಕೀಯ ವೆಚ್ಚ, ಕೂಲಿ ನಷ್ಟ, ಬೆಳೆ ಮತ್ತು ದನಕರುಗಳ ನಷ್ಟ ಎಲ್ಲವೂ ಕೇಳಬಹುದಾದ ಬಾಬುಗಳೇ. 17ನೇ ಕಲಮು ತಪ್ಪು ರುಜುವಾತಾಗದಿದ್ದರೂ ಹೊಣೆಯುಂಟು ಎನ್ನುತ್ತದೆ. ಒಂದಕ್ಕಿಂತ ಹೆಚ್ಚು ಕಾರ್ಖಾನೆಗಳಿದ್ದು ಯಾರ ಪಾಲು ಎಷ್ಟೆಂದು ತಿಳಿಯದಿದ್ದರೆ ನ್ಯಾಯಾಧಿಕರಣವೇ ನ್ಯಾಯವಾಗಿ ಹಂಚಬಹುದು. ಆದ್ದರಿಂದ ಅವನು ಇವನ ಮೇಲೆ, ಇವನು ಅವನ ಮೇಲೆ ಹೇಳಿ ಜಾರಿಕೊಳ್ಳುವುದು ಸುಲಭವಲ್ಲ.

ಗಡುವನ್ನು ಮಾತ್ರ ಮರೆಯಬೇಡಿ. ಪರಿಹಾರದ ಅರ್ಜಿಯನ್ನು ಅದಕ್ಕೆ ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷದೊಳಗೆ ಹಾಕಬೇಕು. ತಕ್ಕ ಕಾರಣವಿದ್ದರೆ 60 ದಿನದ ರಿಯಾಯಿತಿ ಉಂಟು, ಅದಕ್ಕೆ ಮೇಲಿಲ್ಲ. ಪರಿಸರ ವಿವಾದವನ್ನು ಇತ್ಯರ್ಥಪಡಿಸಿ ಎಂದು 14ನೇ ಕಲಮಿನಲ್ಲಿ ಕೇಳುವುದಾದರೆ ಗಡುವು ಆರು ತಿಂಗಳು ಮಾತ್ರ. ಬಿಛ್ರಿಯ ಕಾಲದಲ್ಲಿ ಹಳ್ಳಿಗರನ್ನು ಸಿವಿಲ್ ನ್ಯಾಯಾಲಯಕ್ಕೆ ಕಳಿಸಿದರು. ಈಗ ನ್ಯಾಯಾಧಿಕರಣ ತೀರ್ಮಾನಿಸಬಹುದಾದ ಪರಿಹಾರದ ಕೋರಿಕೆಗಳನ್ನು ಸಿವಿಲ್ ನ್ಯಾಯಾಲಯ ವಿಚಾರಿಸುವಂತಿಲ್ಲ ಎಂದು 29ನೇ ಕಲಮು ಹೇಳುತ್ತದೆ. ತಪ್ಪು ಬಾಗಿಲು ತಟ್ಟಿ ವರ್ಷ ಕಳೆಯುವುದು ಬೇಡ.

ನೀರು ಕೆಟ್ಟದ್ದು ಕಾರ್ಖಾನೆಯಿಂದಲ್ಲ, ಒಡೆದ ಕೊಳಾಯಿಗೆ ಚರಂಡಿ ನೀರು ಸೇರಿ ವಾಂತಿಭೇದಿ ಹರಡಿದೆ ಎಂದಿಟ್ಟುಕೊಳ್ಳಿ. ಆಗ ಹೊಣೆ ನೀರು ಸರಬರಾಜು ಮಾಡುವ ಸ್ಥಳೀಯ ಸಂಸ್ಥೆಯದು. ದುಡ್ಡಿಲ್ಲ ಎಂಬ ಉತ್ತರ ನಡೆಯುವುದಿಲ್ಲ ಎಂದು 1980ರಲ್ಲೇ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪಿತ್ತಿದ್ದಾರೆ. ಅಂದು ಬಳಕೆಯಾದದ್ದು ಸಾರ್ವಜನಿಕ ಉಪದ್ರವಕ್ಕೆ ಸಂಬಂಧಿಸಿದ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೇ ಕಲಮಾಗಿದೆ. ಇದರನ್ವಯ ಉಪವಿಭಾಗಾಧಿಕಾರಿಗಳ ಮುಂದೆ ದೂರು ಕೊಡಬಹುದು. ಇದರಿಂದ ಉಪದ್ರವ ನಿಲ್ಲುತ್ತದೆ, ಪರಿಹಾರದ ಹಣ ಬರುವುದಿಲ್ಲ. ಹಣಕ್ಕಾಗಿ ಖಾಯಂ ಲೋಕ ಅದಾಲತ್ತಿಗೆ ಹೋಗಬಹುದು. ನೀರು ಸರಬರಾಜು ಸಾರ್ವಜನಿಕ ಉಪಯುಕ್ತ ಸೇವೆಗಳಲ್ಲಿ ಒಂದು. ಒಂದು ಕೋಟಿ ರೂಪಾಯಿವರೆಗಿನ ವಿವಾದವನ್ನು ಅಲ್ಲಿಗೆ ಒಯ್ಯಬಹುದು, ನ್ಯಾಯಾಲಯ ಶುಲ್ಕವಿಲ್ಲ, ರಾಜಿಯಾಗದಿದ್ದರೆ ಅವರೇ ತೀರ್ಮಾನ ಕೊಡಬಲ್ಲರು. ಆದರೆ ಅದೇ ವಿವಾದವನ್ನು ಬೇರೆ ನ್ಯಾಯಾಲಯದಲ್ಲಿ ಹೂಡುವ ಮೊದಲೇ ಅಲ್ಲಿಗೆ ಹೋಗಬೇಕು.

ಇನ್ನೊಂದು ಬಗೆಯೂ ಇದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬರುತ್ತದೆ. ಅದು ಬಂಡೆಯಿಂದಲೇ ಕರಗಿ ಬಂದದ್ದು. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಬೆನ್ನು ಬಾಗುತ್ತದೆ. ಇಲ್ಲಿ ಮಲಿನಗೊಳಿಸಿದವನು ಯಾರೂ ಇಲ್ಲದ ಕಾರಣ ಹಸಿರು ನ್ಯಾಯಾಧಿಕರಣದ ಪರಿಹಾರದ ಹಾದಿ ನಮಗೆ ಒದಗುವುದು ಕಷ್ಟ. ಆದರೆ ಕುಡಿಯಲು ಯೋಗ್ಯವಾದ ನೀರು ಕೊಡಿಸಿ ಎಂದು 226ನೇ ಅನುಚ್ಛೇದದನ್ವಯ ಉಚ್ಚ ನ್ಯಾಯಾಲಯವನ್ನು ಕೇಳುವ ಹಕ್ಕು ಇದ್ದೇ ಇದೆ.

ಬಂಧುಗಳೇ, ನೀರಿನ ಬಗ್ಗೆ ಅನುಮಾನ ಬಂದ ಮೊದಲ ವಾರದಲ್ಲೇ ಏನು ಮಾಡಬೇಕು ಎಂಬುದನ್ನು ಬರೆದಿಟ್ಟುಕೊಳ್ಳಿ. ಒಂದು ನೋಟುಪುಸ್ತಕ ತೆಗೆದು ದಿನಾಂಕ ಹಾಕಿ: ನೀರು ಎಂದು ಬಣ್ಣ ತಿರುಗಿತು, ಯಾರಿಗೆ ಎಂದು ಕಾಯಿಲೆ ಬಂತು, ಯಾವ ದನ ಎಂದು ಸತ್ತಿತು. ದನ ಸತ್ತರೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ. ವೈದ್ಯರ ಚೀಟಿ, ಔಷಧಿಯ ರಸೀದಿ, ಟ್ಯಾಂಕರಿನ ರಸೀದಿ ಒಂದನ್ನೂ ಬಿಸಾಡಬೇಡಿ. ಊರಿನ ನೀರು ಪರೀಕ್ಷಿಸಲು ಜಲ ಜೀವನ್ ಯೋಜನೆಯಡಿ ಕಿಟ್ ಕೊಟ್ಟು ಗ್ರಾಮದ ಐವರು ಮಹಿಳೆಯರಿಗೆ ತರಬೇತಿ ಕೊಡುವ ಏರ್ಪಾಡಿದೆ, ಅವರನ್ನು ಕರೆಯಿರಿ. ಆಮೇಲೆ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ ಲಿಖಿತ ವರದಿ ಪಡೆಯಿರಿ. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ, ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ ಬೇರೆ ಮೂಲವೇ ಇಲ್ಲದಿದ್ದರೂ 1.5 ಮಿಲಿಗ್ರಾಂ ಮೀರಬಾರದು. ವರದಿ ಬಂದಾಗ ಈ ಅಂಕಿಗಳೊಡನೆ ಹೋಲಿಸಿ ನೋಡಿ.

ಕಾರ್ಖಾನೆಯ ಕೊಳವೆಯಿಂದ ಬರುವ ತ್ಯಾಜ್ಯ ನೀರಿನ ಮಾದರಿಯ ವಿಷಯ ಬೇರೆ. 1974ರ ಜಲ ಕಾಯಿದೆಯ 21ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಮಾದರಿ ತೆಗೆಯುವಾಗ ಮಾಲೀಕರಿಗೆ ನೋಟೀಸು ಕೊಟ್ಟು, ಎರಡು ಭಾಗ ಮಾಡಿ, ಮೊಹರು ಹಾಕಿ ತೆಗೆಯಬೇಕು. ಈ ಕ್ರಮ ತಪ್ಪಿದರೆ ಆ ಮಾದರಿಯ ವರದಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ನಾವೇ ಬಾಟಲಿಯಲ್ಲಿ ಹಿಡಿದು ತೃಪ್ತರಾಗಬಾರದು. ಮಂಡಳಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದು, ಅಧಿಕಾರಿ ಬಂದು ಕ್ರಮಬದ್ಧವಾಗಿ ತೆಗೆಯುವಂತೆ ಒತ್ತಾಯಿಸಬೇಕು. ಕಾರ್ಖಾನೆಗೆ ಕೊಟ್ಟ ಸಮ್ಮತಿ ಪತ್ರ, ಹಿಂದಿನ ತಪಾಸಣೆಯ ವರದಿ ಇವುಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಎರಡನೆಯ ಕೊಂಡಿ ಬಹುಪಾಲು ಸಿಗುವುದು ಈ ಕಡತಗಳಲ್ಲೇ.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎಂದು ನೀವು ಕೇಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ದುರಂತಕ್ಕೆ ಸಿಲುಕಿದವರು, ನಿಗದಿತ ಮಿತಿಗಿಂತ ಕಡಿಮೆ ವರಮಾನದವರು ಉಚಿತ ಕಾನೂನು ನೆರವು ಪಡೆಯಬಹುದು. ಮಹಿಳೆಯರಿಗೆ ವರಮಾನದ ಮಿತಿಯೂ ಇಲ್ಲ. ನೀರಿನ ಕೆಡುಕನ್ನು ಮೊದಲು ಕಂಡವರೂ ಅವರೇ, ದೂರದಿಂದ ನೀರು ಹೊತ್ತವರೂ ಅವರೇ. ಅರ್ಜಿಗೆ ಮೊದಲ ಸಹಿ ಅವರದೇ ಆಗಲಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ; 15100 ಸಂಖ್ಯೆಗೆ ದೂರವಾಣಿ ಮಾಡಿಯೂ ವಿಚಾರಿಸಬಹುದು.

ಕಡೆಯದಾಗಿ ಒಂದು ಮಾತು. ಊರಿನಲ್ಲಿ ಕಾರ್ಖಾನೆಯಿಂದ ಕೆಲಸ ಸಿಕ್ಕವರಿರುತ್ತಾರೆ, ನೀರು ಕೆಟ್ಟು ಬದುಕು ಕಳೆದುಕೊಂಡವರಿರುತ್ತಾರೆ. ಒಂದೇ ಮನೆಯಲ್ಲಿ ಅಣ್ಣ ಅಲ್ಲಿ ಕೂಲಿಗೆ ಹೋಗುತ್ತಿರಬಹುದು, ತಮ್ಮನ ಹೊಲ ಒಣಗಿರಬಹುದು. ಊರು ಎರಡಾದರೆ ಸಾಕ್ಷಿ ಹೇಳುವವರು ಸಿಗುವುದಿಲ್ಲ. ಬಾವಿಯ ನೀರು ಮಾತ್ರ ಇಬ್ಬರಿಗೂ ಒಂದೇ. ಈ ವಾರ ಒಂದು ದಿನ ಊರಿನವರೆಲ್ಲ ಕುಳಿತು ನಮ್ಮ ಬಾವಿ, ಕೊಳವೆಬಾವಿ, ತೊಟ್ಟಿಯ ನೀರನ್ನು ಕಡೆಯ ಬಾರಿ ಎಂದು ಪರೀಕ್ಷೆ ಮಾಡಿಸಿದೆವು ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಈಗಲೇ ಮಾಡಿಸಿ. ನೀರು ಚೆನ್ನಾಗಿದ್ದ ದಿನದ ವರದಿ ಕೈಯಲ್ಲಿದ್ದರೆ ಮುಂದೆ ಎಂದಾದರೂ ಅದು ಕೆಟ್ಟಾಗ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೊಂದಿಲ್ಲ.